ಮಿಣುಕಿಯನ್ನು ಕೊಡಬೇಡಿ, ಅತ್ತೆ

ಎಮ್ಮೆದೊಡ್ಡಿ
೬ ಮಾರ್ಚ್ ೨೦೨೫, ಗುರುವಾರ

ಪ್ರೀತಿಯ ಮಾಯಾ ಅತ್ತೆಗೆ,

ಮೊದಲಿಗೆ ಸಾರಿ. ಈ ಪತ್ರ ನಾನು ಬರೆಯಲೇಬಾರದಿತ್ತು. ಬರೆಯಲ್ಲ ಅಂತ ಅಜ್ಜಿಗೆ ಮಾತು ಕೊಟ್ಟಿದ್ದೇನೆ, ಅದೂ ಕೊಟ್ಟಿಗೆಯಲ್ಲಿ ನಮ್ಮ ಎಮ್ಮೆ ಮಿಣುಕಿಯ ಬೆನ್ನ ಮೇಲೆ ಕೈ ಇಟ್ಟು. ಅಜ್ಜಿ ಈಗ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಳೆ. ನಾನು ಒಳಗೆ ಅನಾಟಮಿ ಪುಸ್ತಕದ ಮೇಲೆ ಹಾಳೆ ಇಟ್ಟುಕೊಂಡು, ಓದುವವಳ ಹಾಗೆ ತಲೆ ಬಗ್ಗಿಸಿ ಬರೆಯುತ್ತಿದ್ದೇನೆ. ಆಗಾಗ ಒಂದು ಪೇಜ್ ಸದ್ದು ಮಾಡಿ ಮಗುಚುತ್ತೇನೆ, ಡೌಟ್ ಬರದಿರಲಿ ಅಂತ.

ಫೋನ್ ಮಾಡಬಹುದಿತ್ತು ಅಂತ ನೀವು ಕೇಳುತ್ತೀರಿ. ಹೋದ ಭಾನುವಾರ ಫೋನಿನಲ್ಲಿ ನಾನು ಕಾಫಿ ಅನ್ನುವಷ್ಟರಲ್ಲೇ ನೀವು, ನಮ್ಮಮ್ಮನೇನು ನಿನ್ನ ಲ್ಯಾಬಿನ ಇಲಿನಾ, ಬಿ.ಫಾರ್ಮ್ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಡಾಕ್ಟರಾಗಿಬಿಟ್ಟೆಯಾ ಅಂತ ಬೈದು ಇಟ್ಟುಬಿಟ್ಟಿರಿ. ನೀವು ಬೈದರೆ ನನಗೆ ನಾಲಿಗೆ ಏಳುವುದಿಲ್ಲ, ನಿಮಗೇ ಗೊತ್ತು. ವಸತಿ ಶಾಲೆಯಲ್ಲಿ ಪ್ರತಿ ಭಾನುವಾರ ಮನೆಗೆ ಪತ್ರ ಬರೆಸುತ್ತಿದ್ದರಲ್ಲ, ಆರನೇ ಕ್ಲಾಸಿನಿಂದ ಅದೇ ಅಭ್ಯಾಸ. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತೆ. ಆಗ ನನ್ನ ಪತ್ರದಲ್ಲಿ ಇಂಗ್ಲಿಷ್ ಜಾಸ್ತಿಯಾದರೆ ನೀವು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ ಕಳಿಸುತ್ತಿದ್ದಿರಿ. ಇದಕ್ಕೂ ಹಾಕಿ, ಪರವಾಗಿಲ್ಲ. ಆದರೆ ಕೊನೆತನಕ ಓದಿ, ಪ್ಲೀಸ್. ಮಧ್ಯದಲ್ಲಿ ಸಿಟ್ಟು ಬಂದರೂ ಓದಿ. ಸಿಟ್ಟು ಬರುವ ಜಾಗ ಒಂದಿದೆ, ಈಗಲೇ ಹೇಳಿಬಿಡುತ್ತೇನೆ.

ಅತ್ತೆ, ಅಜ್ಜಿ ಹಾಲು ಕರೆಯುತ್ತಿದ್ದಾಳೆ.

ಒಂದು ದಿನ ಅಲ್ಲ, ದಿನಾ. ಎರಡು ಹೊತ್ತೂ. ಅಪ್ಪ ಹೇಳಿದರೆ ನೀವು ನಂಬಲಿಲ್ಲವಂತೆ. ಈ ಕಾಯಿಲೆ ಹಾಗೇ ಕಣೋ ಪ್ರಕಾಶ, ಇವತ್ತು ಎದ್ದು ಓಡಾಡ್ತಾರೆ, ನಾಳೆ ಬೀಳ್ತಾರೆ, ಇನ್ನೊಂದು ಸಲ ಆ ಎಮ್ಮೆ ಒದ್ದರೆ ಸೊಂಟ ಮುರಿಯುತ್ತೆ, ಆವಾಗ ನೋಡ್ಕೊಳ್ಳೋರು ಯಾರು ಅಂದಿರಂತೆ. ಅಪ್ಪ ಅದಕ್ಕೆ, ಸರಿ ಅಕ್ಕ, ಅಂದರು. ಅಪ್ಪನಿಗೆ ಸುಟ್ಟುಹೋದ ಮೋಟರಿಗೆ ತಂತಿ ಸುತ್ತುವುದು ಗೊತ್ತೇ ಹೊರತು ಅಕ್ಕನಿಗೆ ಎದುರು ಮಾತಾಡುವುದು ಗೊತ್ತಿಲ್ಲ. ಅದಕ್ಕೇ ನಾನು ಬರೆಯಬೇಕಾಯಿತು.

ನೀವು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೋದ ತಿಂಗಳು ನೀವು ತರೀಕೆರೆಯಿಂದ ಬಂದಿದ್ದಾಗ ಆದದ್ದನ್ನು ಅಮ್ಮ ನನಗೆ ಹೇಳಿದಳು. ಅಜ್ಜಿ ಮಿಣುಕಿಯ ಮೊಲೆ ಹಿಡಿದು ಕರೆಯುತ್ತಿದ್ದಾಗಲೇ ಬೆರಳು ಬಿಗಿದುಕೊಂಡು, ಬಿಡೋಕೂ ಆಗದೆ ಎಳೆಯೋಕೂ ಆಗದೆ ಸಿಕ್ಕಿಹಾಕಿಕೊಂಡಿತಂತೆ. ಮಿಣುಕಿಗೆ ನೋವಾಗಿ ಕಾಲು ಝಾಡಿಸಿದಳು, ಅಜ್ಜಿ ಗೋದಲಿಯ ಪಕ್ಕಕ್ಕೆ ಬಿದ್ದಳು, ಹಾಲೆಲ್ಲ ಸೀರೆಗೆ. ನೀವೇ ಎತ್ತಿ ಕೂರಿಸಿದಿರಂತೆ. ಆವತ್ತೇ ನೀವು ತೀರ್ಮಾನ ಮಾಡಿದಿರಿ: ಎಮ್ಮೆ ಇರೋತನಕ ಅಮ್ಮ ಕೊಟ್ಟಿಗೆ ಬಿಡಲ್ಲ, ಎಮ್ಮೆ ಮಾರೋಣ, ಅಮ್ಮ ನನ್ನ ಜೊತೆ ಬರಲಿ. ಚೌಳಹಿರಿಯೂರಿನ ದನದ ವ್ಯಾಪಾರಿ ಕಾಂತರಾಜ್ ಈ ತಿಂಗಳ ಹದಿನಾರನೇ ತಾರೀಕು ಭಾನುವಾರ ಬಂದು ಮಿಣುಕಿಯನ್ನು ಹೊಡೆದುಕೊಂಡು ಹೋಗುವುದು ಅಂತ ಮಾತಾಯಿತು. ಅಜ್ಜಿ ಏನೂ ಅನ್ನಲಿಲ್ಲವಂತೆ. ಅಜ್ಜಿ ಏನೂ ಅನ್ನದಿದ್ದರೆ ಒಪ್ಪಿದಳು ಅಂತ ನೀವು ತಿಳಿದುಕೊಂಡಿರಿ. ನಾನಾಗಿದ್ದರೂ ಹಾಗೇ ತಿಳಿಯುತ್ತಿದ್ದೆ. ಮನೆಯಲ್ಲಿ ಇದ್ದದ್ದಕ್ಕಿಂತ ಹಾಸ್ಟೆಲಿನಲ್ಲಿ ಇದ್ದದ್ದೇ ಹೆಚ್ಚು, ನನಗೆ ಈ ಮನೆಯ ಮೌನಗಳ ಭಾಷೆ ಇನ್ನೂ ಸರಿಯಾಗಿ ಬರುವುದಿಲ್ಲ.

ಆದರೆ ಮಿಣುಕಿ ಬರೀ ಎಮ್ಮೆ ಅಲ್ಲವಲ್ಲ ಅತ್ತೆ. ಮಂಜಪ್ಪ ತಾತ ಅಜ್ಜಂಪುರದ ಅಮೃತಮಹಲ್ ದನ ಕಾಯುವ ಕೆಲಸದಲ್ಲಿದ್ದಾಗ ತಂದ ಎಮ್ಮೆಯ ಮರಿಮಗಳು ಇವಳು. ಅಮೃತಮಹಲ್ ದನ ರಾಜರ ಫಿರಂಗಿ ಎಳೆಯೋಕೆ, ಎಮ್ಮೆ ನಮ್ಮ ಹೊಟ್ಟೆಗೆ ಅಂತಿದ್ದರಂತೆ ತಾತ. ಅಜ್ಜಿ ಬಿಟ್ಟು ಇನ್ನು ಯಾರು ಕೂತರೂ ಮಿಣುಕಿ ಕೆಚ್ಚಲಿಗೆ ಸರಿಯಾಗಿ ಹಾಲು ಇಳಿಸಲ್ಲ. ಅಮ್ಮ ಅಜ್ಜಿಯ ಹಳೇ ಸೀರೆ ಸುತ್ತಿಕೊಂಡು ಹೋದರೂ ಮೂಸಿ ನೋಡಿ ಒದೆಯುತ್ತಾಳೆ.

ಈಗ ಕಾಫಿ ವಿಷಯ. ಬೈಯಬೇಡಿ.

ಕಾಲೇಜಿನಲ್ಲಿ ಸೀನಿಯರ್ ಒಬ್ಬಳು ಸೆಮಿನಾರ್ ಕೊಟ್ಟಳು, ಕೆಫೀನ್ ಮತ್ತು ಪಾರ್ಕಿನ್ಸನ್ ಅಂತ. ನಾನು ಹಿಂದಿನ ಬೆಂಚಿನಲ್ಲಿ ಅಟೆಂಡೆನ್ಸಿಗೆ ಕೂತಿದ್ದವಳು ಪಾರ್ಕಿನ್ಸನ್ ಅನ್ನುತ್ತಲೇ ನೆಟ್ಟಗಾದೆ, ಅದು ನಮ್ಮಜ್ಜಿಯ ಕಾಯಿಲೆ. ಮೆದುಳಿನಲ್ಲಿ ಕೈಕಾಲು ಆಡಿಸುವ ರಸ ಒಂದಿದೆ, ಡೋಪಮೀನ್, ಅದು ಈ ಕಾಯಿಲೆಯಲ್ಲಿ ಕಡಿಮೆಯಾಗುತ್ತೆ. ಇನ್ನೊಂದು ರಸ ಅದಕ್ಕೆ ಬ್ರೇಕ್ ಹಾಕುತ್ತಾ ಇರುತ್ತೆ. ಕೆಫೀನ್ ಹೋಗಿ ಆ ಬ್ರೇಕಿನ ಕೆಳಗೆ ಕಲ್ಲು ಸಿಕ್ಕಿಸಿದ ಹಾಗೆ ಕೂರುತ್ತೆ, ಬ್ರೇಕ್ ಪೂರ್ತಿ ಒತ್ತಲು ಆಗಲ್ಲ. ಕೆನಡಾ ಕಡೆ ಕಾಯಿಲೆಯವರಿಗೆ ಕೆಫೀನ್ ಮಾತ್ರೆ ಕೊಟ್ಟು ನೋಡಿದ್ದಾರೆ, ಅವರ ಚಲನೆ ಸ್ವಲ್ಪ ಚುರುಕಾಯಿತು ಅಂತ ಬರೆದಿದ್ದಾರೆ. ನಾನು ಹಾಸ್ಟೆಲಿಗೆ ಹೋಗಿ ಆ ಪೇಪರ್ ಹುಡುಕಿ ಓದಿದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟಿ, ಔಷಧಿ ನಮ್ಮ ಗುಡ್ಡದಲ್ಲೇ ಬೆಳೆಯುತ್ತಿರುವಾಗ ನಮ್ಮಜ್ಜಿ ಬಿಗಿದುಕೊಂಡು ಕೂತಿದ್ದಾಳಲ್ಲ ಅಂತ ಅನಿಸಿತು. ಎಮ್ಮೆದೊಡ್ಡಿಯ ಬಯಲಲ್ಲಿ ಕಾಫಿ ಬೆಳೆಯಲ್ಲ, ಗೊತ್ತು, ಆದರೂ.

ರಜೆಗೆ ಬರುವಾಗ ಕಡೂರಲ್ಲಿ ಇಳಿದು ಕಾಫಿಪುಡಿ ಅಂಗಡಿಗೆ ಹೋದೆ. ಚಿಕೋರಿ ಒಂದು ಚೂರೂ ಬೇಡ ಅಂದೆ. ಅಂಗಡಿಯವನು, ಚಿಕೋರಿ ಇಲ್ಲದೆ ಕುಡಿಯೋಕೆ ನಿಮ್ಮದೇನು ಎಸ್ಟೇಟಾ ಅಂದ. ಔಷಧಿಗೆ ಅಂದೆ. ಔಷಧಿಗಾದ್ರೆ ಮೆಡಿಕಲ್ ಸ್ಟೋರ್ ಎದುರಿಗೇ ಐತಲ್ಲಮ್ಮ ಅಂದ. ಆದರೂ ಒಳ್ಳೇ ಪುಡಿ ಕೊಟ್ಟ. ಬಸ್ಸಿನಲ್ಲಿ ಪಕ್ಕದವರೆಲ್ಲ ನನ್ನ ಬ್ಯಾಗಿನ ಕಡೆ ಮೂಗು ತಿರುಗಿಸುತ್ತಿದ್ದರು.

ಅಜ್ಜಿ ಪ್ಯಾಕೆಟನ್ನು ಮೂಗಿಗೆ ಹಿಡಿದು ಎಷ್ಟೋ ಹೊತ್ತು ಕೂತಳು. ಆಮೇಲೆ, ಇದು ನಮ್ಮ ಮಾಯಮ್ಮನಿಗೆ ಹಿಡಿಸೋ ಅಂಥಾ ವಾಸ್ನೆ ಕಣೇ ಅಂದಳು. ನಾನು ಸೆಮಿನಾರ್ ಪೂರ್ತಿ ಅವಳಿಗೆ ಒಪ್ಪಿಸಿದೆ, ಬ್ರೇಕು ಕಲ್ಲು ಎಲ್ಲ. ಅಜ್ಜಿ, ನಿಮ್ಮಪ್ಪ ಟಿವಿಎಸ್ ನಿಲ್ಲಿಸೋಕೆ ಗಾಲಿಗೆ ಕಲ್ಲು ಕೊಡ್ತಾನೆ, ನೀನು ನನ್ನ ಓಡಿಸೋಕೆ ಕಲ್ಲು ಕೊಡ್ತೀಯಲ್ಲೇ ಅಂದಳು. ಆದರೆ ಬೇಡ ಅನ್ನಲಿಲ್ಲ. ಎರಡು ಷರತ್ತು ಹಾಕಿದಳು. ಕಾಫಿ ತಾನೇ ಕಾಯಿಸುತ್ತಾಳೆ, ನಾನು ಒಲೆ ಹತ್ತಿರ ಬರಕೂಡದು. ಬಂದರೆ ಹೊಗೆಗೆ ಕಣ್ಣು ಉಜ್ಜಿಕೊಂಡು ಮನೆಯೆಲ್ಲ ಕೆಮ್ಮುತ್ತೀಯ ಅಂದಳು. ಇನ್ನೊಂದು, ಕರಿಕಾಫಿ ಕುಡಿಯೋದಾದರೆ ಆ ಹೊತ್ತಿಗೆ ಹಾಲು ಕುಡಿಯಲ್ಲ. ಹಾಲಿನ ಮೇಲೆ ಕರಿಕಾಫಿ ಬಿದ್ರೆ ಹೊಟ್ಟೇಲಿ ಒಡೀತದೆ, ಎರಡರಲ್ಲಿ ಒಂದು ಹೇಳು ಅಂದಳು. ನಾನು ಕಾಫಿ ಅಂದೆ. ಹಾಲು ರಾತ್ರಿ ಮಲಗುವ ಹೊತ್ತಿಗೆ ಹೋಯಿತು. ಮಾತ್ರೆಗಳನ್ನು ಅಜ್ಜಿ ಬೆಲ್ಲದ ಕರಿಕಾಫಿಯ ಜೊತೆ ನುಂಗತೊಡಗಿದಳು.

ಮಾತ್ರೆ ಯಾವತ್ತೂ ನಿಲ್ಲಿಸಿಲ್ಲ, ಅತ್ತೆ. ಅಷ್ಟು ದಡ್ಡಿ ಅಲ್ಲ ನಾನು.

ನಾನು ಆ ಕಾಫಿ ರುಚಿ ನೋಡಲಿಲ್ಲ. ಕಾಫಿ ಕುಡಿದರೆ ನನಗೆ ಪರೀಕ್ಷೆ ಇಲ್ಲದ ದಿನವೂ ಪರೀಕ್ಷೆ ಇದ್ದ ಹಾಗಾಗುತ್ತೆ. ಬೆಳಗ್ಗೆ ಬೆಳಗ್ಗೆ ಕೊತ್ತಂಬರಿ ಬೀಜ ಹುರಿದ ವಾಸನೆ ಬರುತ್ತಿತ್ತು, ಅಮ್ಮ ಹುಳಿಪುಡಿಗೆ ಹುರಿಯುತ್ತಿದ್ದಾಳೆ ಅಂದುಕೊಳ್ಳುತ್ತಿದ್ದೆ. ನನ್ನ ಗಮನವೆಲ್ಲ ಅಜ್ಜಿಯ ಕೈ ಮೇಲೆ. ಡಾಕ್ಟರು ಮಾಡಿಸುವ ಹಾಗೇ ಹೆಬ್ಬೆರಳಿಗೆ ತೋರುಬೆರಳು ತಟ್ಟಿಸುತ್ತಿದ್ದೆ, ಅಂಗೈ ಮಗುಚಿಸುತ್ತಿದ್ದೆ, ಬೇವಿನ ಮರದ ತನಕ ನಡೆಸಿ ತಿರುಗಿಸುತ್ತಿದ್ದೆ. ನೀನೇನು ನನ್ನ ಡ್ರಿಲ್ ಮೇಡಮ್ಮಾ ಅಂತ ಗೊಣಗುತ್ತಲೇ ಅಜ್ಜಿ ಮಾಡುತ್ತಿದ್ದಳು.

ಮೊದಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಬೆಳಗ್ಗೆ ರವಿಕೆಯ ಹುಕ್ಕು ಹಾಕಲು ಅಮ್ಮನನ್ನು ಕರೆಯಲೇ ಇಲ್ಲ. ಅಮ್ಮ ತಾನಾಗೇ ಹೋದರೆ, ಆಗಲೇ ಹಾಕ್ಕೊಂಡೆ ಹೋಗೇ ಅಂದಳು. ಮುದ್ದೆ ಕಟ್ಟಿದಳು. ನೀವು ಬಂದಾಗ ಅಜ್ಜಿ ಮುದ್ದೆಯನ್ನು ಚಮಚದಲ್ಲಿ ಒಡೆದು ತಿನ್ನುವುದನ್ನು ನೋಡಿ ಎದ್ದು ಹೋದಿರಂತಲ್ಲ, ಆ ಅಜ್ಜಿ ಈಗ ಎಲ್ಲರಿಗೂ ಮುದ್ದೆ ಕಟ್ಟಿ ಬಡಿಸಿದಳು. ಮಾತೂ ಬದಲಾಯಿತು. ಗಂಟಲೊಳಗೆ ಉಳಿದುಹೋಗುತ್ತಿದ್ದ ದನಿ ಹೊರಗೆ ಬಂತು, ಬೈಗುಳ ಬೀದಿಯ ತನಕ ಕೇಳಿಸಿತು.

ಆಮೇಲೆ ಆ ಬೆಳಗ್ಗೆ. ನಾನು ಇನ್ನೂ ಹಾಸಿಗೆಯಲ್ಲಿದ್ದೆ. ಕೊಟ್ಟಿಗೆಯಿಂದ ಸದ್ದು ಬಂತು. ಖಾಲಿ ಚೊಂಬಿಗೆ ಮೊದಲು ಬೀಳುವ ಹಾಲಿನ ಸದ್ದು ತೆಳ್ಳಗೆ ಚೊರ್ ಅನ್ನುತ್ತೆ, ತುಂಬುತ್ತಾ ಹೋದಂತೆ ದಪ್ಪ ಆಗುತ್ತೆ. ಎಲ್ಲೂ ನಿಲ್ಲಲಿಲ್ಲ. ಎದ್ದು ಓಡಿದರೆ ಅಪ್ಪ ಬಾಯಿ ತುಂಬ ಪೇಸ್ಟ್ ನೊರೆ ಇಟ್ಟುಕೊಂಡು ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದರು, ಉಗುಳುವುದನ್ನೂ ಮರೆತು. ಅಜ್ಜಿ ಕುಕ್ಕರಗಾಲಲ್ಲಿ ಕೂತು, ಮಿಣುಕಿಯ ಹೊಟ್ಟೆಗೆ ಹಣೆ ಆನಿಸಿಕೊಂಡು ಎರಡೂ ಕೈಯಲ್ಲಿ ಕರೆಯುತ್ತಿದ್ದಳು. ಮಿಣುಕಿ ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತಿದ್ದಳು. ಅಮ್ಮ ನನ್ನ ಹಿಂದೆ ಬಂದು ನಿಂತು, ಸದ್ಯ, ಇನ್ಮೇಲೆ ನನಗೆ ಒದೆ ತಪ್ಪಿತು ಅಂದಳು. ಅಂದು ಸೆರಗಲ್ಲಿ ಮೂಗು ಒರೆಸಿಕೊಂಡಳು.

ವಿಡಿಯೊ ಮಾಡಿ ನಿಮಗೆ ಕಳಿಸಿದ್ದೇನೆ. ನೀವು ನೋಡೇ ಇಲ್ಲ, ಎರಡು ಟಿಕ್ ಇನ್ನೂ ನೀಲಿ ಆಗಿಲ್ಲ. ಈ ಪತ್ರ ಓದಿ ಮುಗಿಸಿ ನೋಡಿ.

ನನಗೆ ಆ ದಿನಗಳಲ್ಲಿ ಕಾಲು ನೆಲದ ಮೇಲಿರಲಿಲ್ಲ. ನಾನು ಕಂಡುಹಿಡಿದೆ, ಕಡೂರಿನ ಕಾಫಿಪುಡಿಯಲ್ಲಿ ಕಂಡುಹಿಡಿದೆ ಅಂತ. ಪ್ರಿನ್ಸಿಪಾಲರು ಸ್ಟೇಜಿಗೆ ಕರೆಯುವುದು, ನಾನು ಹೆದರಿ ಮೈಕ್ ಬೀಳಿಸುವುದು, ಎಲ್ಲ ಕಲ್ಪಿಸಿಕೊಂಡೆ. ಆ ಹುಮ್ಮಸ್ಸಿನಲ್ಲೇ ಭಾನುವಾರ ನಿಮಗೆ ಫೋನ್ ಮಾಡಿದ್ದು, ಬೈಸಿಕೊಂಡಿದ್ದು.

ಮೊನ್ನೆ ಮಂಗಳವಾರ ಅಜ್ಜಿಯ ಚೆಕಪ್ಪಿಗೆ ಶಿವಮೊಗ್ಗಕ್ಕೆ ಹೋದೆವು. ಅಪ್ಪ, ಅಜ್ಜಿ, ನಾನು. ನರರೋಗದ ಡಾಕ್ಟರಮ್ಮ ಅಜ್ಜಿಯನ್ನು ನಡೆಸಿ ನೋಡಿದರು, ಕೈ ಮಗುಚಿಸಿ ನೋಡಿದರು, ಮೊಣಕೈ ಹಿಡಿದು ಅಲ್ಲಾಡಿಸಿದರು, ತುಂಬ ವಾಸಿ ಇದೆಯಲ್ಲ ಅಜ್ಜಿ ಅಂದರು. ನಾನು ಕಾಯುತ್ತಾ ಇದ್ದೆ. ಒಂದೇ ಉಸಿರಲ್ಲಿ ಕೆನಡಾ, ಕೆಫೀನ್, ಬ್ರೇಕ್, ಚಿಕೋರಿ ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೇಳಿದರು. ಆಮೇಲೆ, ಪುಟ್ಟಾ, ಆ ಪೇಪರಿನ ಮುಂದಿನ ಪೇಪರ್ ಓದಿದೆಯಾ ಅಂದರು.

ಓದಿರಲಿಲ್ಲ, ಅತ್ತೆ. ಇಂಪಾರ್ಟೆಂಟ್ ಕ್ವೆಶ್ಚನ್ ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚುವ ಹಾಗೆ ಮುಚ್ಚಿಬಿಟ್ಟಿದ್ದೆ. ಮೊದಲನೆಯದು ಚಿಕ್ಕ ಸ್ಟಡಿಯಂತೆ, ಅದರಲ್ಲಿ ಸ್ವಲ್ಪ ಗುಣ ಕಂಡಿತ್ತು. ಅದೇ ಜನ ಆಮೇಲೆ ಹೆಚ್ಚು ಮಂದಿಗೆ, ಹೆಚ್ಚು ಕಾಲ ಕೊಟ್ಟು ನೋಡಿದರಂತೆ. ಕೆಫೀನ್ ತೆಗೆದುಕೊಂಡವರಿಗೂ ಔಷಧಿಯೇ ಇಲ್ಲದ ಬರೀ ಸಪ್ಪೆ ಮಾತ್ರೆ ತೆಗೆದುಕೊಂಡವರಿಗೂ ವ್ಯತ್ಯಾಸ ಸಿಗಲಿಲ್ಲವಂತೆ. ಕಾಫಿ ಕುಡಿಯೋರಲ್ಲಿ ಈ ಕಾಯಿಲೆ ಕಡಿಮೆ ಕಾಣುತ್ತೆ ಅನ್ನೋದು ನಿಜ, ಆದರೆ ಬಂದಮೇಲೆ ಕಾಫಿ ಔಷಧಿ ಆಗುತ್ತೆ ಅಂತ ಇನ್ನೂ ಯಾರೂ ತೋರಿಸಿಲ್ಲ, ಕುಡಿಯಲಿ, ಹಿತವಾಗಿ ಕುಡಿಯಲಿ, ಆಸೆ ಇಟ್ಟುಕೊಂಡು ಬೇಡ ಅಂದರು.

ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಅಜ್ಜಿ ವಾಸಿ ಆಗಿರೋದಂತೂ ನನ್ನ ಕಣ್ಣೆದುರಿಗೇ ಇದೆ, ಹಾಗಾದರೆ ಇನ್ನೇನು ಬದಲಾಯಿತು ಅಂತ ಕೇಳಿದರು. ಆಗ ನನಗೆ ನಿಮ್ಮ ನೆನಪಾಯಿತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಮನೆಯ ಕಿಟಕಿಯಲ್ಲಿ ಎರಡು ಡಬ್ಬಿಗೆ ಅಲಸಂದೆ ಹಾಕಿಸಿದ್ದಿರಿ. ಒಂದನ್ನು ಬಿಸಿಲಿಗೂ ಇಟ್ಟು, ನೀರೂ ಹೆಚ್ಚು ಹಾಕಿ, ಬಿಸಿಲಿಗೇ ಬೆಳೆಯಿತು ಅತ್ತೆ ಅಂತ ನಾನು ಕುಣಿದೆ. ನೀವು ಕಿವಿ ಹಿಂಡಿ, ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು ಕಣೇ, ಎರಡು ಬದಲಾಯಿಸಿದರೆ ಯಾವುದನ್ನು ನಂಬ್ತೀಯ ಅಂದಿರಿ. ಸೈನ್ಸ್ ಮೇಡಮ್ಮಿನ ಸೋದರಸೊಸೆ ಅದನ್ನೇ ಮರೆತಿದ್ದೆ. ಆದರೂ ಡಾಕ್ಟರಿಗೆ, ಇನ್ನೇನೂ ಬದಲಾಗಿಲ್ಲ ಮ್ಯಾಮ್ ಅಂದುಬಿಟ್ಟೆ.

ಅಜ್ಜಿ ಪಕ್ಕದಿಂದ, ಹಾಲು ಬಿಟ್ಟೆನಲ್ಲ ಅಂದಳು.

ಯಾವ ಹಾಲು ಅಂದರು ಡಾಕ್ಟರಮ್ಮ. ಮಾತ್ರೆ ಜೊತೆ ಕುಡೀತಿದ್ದ ಹಾಲು, ನಮ್ಮ ಮಿಣುಕಿದು, ದೊಡ್ಡ ಲೋಟ, ಗಟ್ಟಿ ಹಾಲು, ಪುಡಿ ಕಲಸಿ, ಮೂರು ಹೊತ್ತೂ ಅಂದಳು ಅಜ್ಜಿ, ಹೆಮ್ಮೆಯಿಂದ. ಅಲ್ಲಜ್ಜಿ, ಖಾಲಿ ಹೊಟ್ಟೇಲಿ ನುಂಗಿ ಅಂತ ಹೇಳಿದ್ದೆನಲ್ಲ ಅಂದರು ಅವರು. ಅಜ್ಜಿಗೆ ಕೋಪ ಬಂತು. ಖಾಲಿ ಹೊಟ್ಟೇಲೇ ನುಂಗ್ತಿದ್ದೆ ಕಣವ್ವ, ಒಂದು ತುತ್ತು ಮುಟ್ಟುತಿರಲಿಲ್ಲ. ಹಾಲು ಊಟ ಅಲ್ಲವಲ್ಲ. ಸೋಮವಾರ ಒಪ್ಪತ್ತು ಮಾಡ್ತೀನಿ, ಆವತ್ತೂ ಹಾಲು ಕುಡೀತೀನಿ, ಅದಕ್ಕೇನು ಒಪ್ಪತ್ತು ಕೆಡ್ತದಾ ಅಂತ ಕೇಳಿದಳು.

ಅತ್ತೆ, ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಇಷ್ಟು ವರ್ಷ ಎಲ್ಲರಿಗೂ ಖಾಲಿ ಹೊಟ್ಟೆ ಖಾಲಿ ಹೊಟ್ಟೆ ಅಂತ ಹೇಳಿಕೊಂಡು ಬಂದಿದ್ದೀನಿ, ಎಷ್ಟು ಜನ ಒಪ್ಪತ್ತಿನ ಲೆಕ್ಕದಲ್ಲಿ ಹಾಲು ಕುಡಿದಿದ್ದಾರೋ ಅಂದರು. ಆಮೇಲೆ ಹೇಳಿದರು, ಹಾಲಿನ ಪ್ರೋಟೀನೂ ಈ ಮಾತ್ರೆಯ ಔಷಧಿಯೂ ರಕ್ತಕ್ಕೆ, ಮೆದುಳಿಗೆ ಹೋಗಲು ಒಂದೇ ಬಾಗಿಲು ಹಿಡಿಯುತ್ತವಂತೆ. ಸಂತೆ ದಿನ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಒಂದೇ ಬಸ್ಸಿಗೆ ಎಲ್ಲರೂ ನುಗ್ಗುತ್ತಾರಲ್ಲ, ಹಾಗೆ. ಹಾಲು ದೊಡ್ಡ ಕುಟುಂಬದ ಹಾಗೆ ಮಂಕರಿ ಮಕ್ಕಳ ಸಮೇತ ಹತ್ತಿಬಿಡುತ್ತೆ. ಮಾತ್ರೆ ಬಡಪಾಯಿ, ಕೆಳಗೇ ಉಳಿಯುತ್ತೆ. (ಬಸ್ ಸ್ಟ್ಯಾಂಡ್ ನಾನು ಸೇರಿಸಿದ್ದು, ಬಾಗಿಲು ಅವರು ಹೇಳಿದ್ದು.) ಮಾತ್ರೆಯನ್ನು ನೀರಿನಲ್ಲಿ ನುಂಗಿ, ಅರ್ಧ ಗಂಟೆಯಾದರೂ ಬಿಟ್ಟು ತಿನ್ನುವುದು. ಹಾಲು ಪೂರ್ತಿ ಬಿಡಬೇಕಾಗಿಲ್ಲ, ಮಾತ್ರೆಯ ಹೊತ್ತಿನಿಂದ ದೂರ ಇಟ್ಟರೆ ಸಾಕು. ಎಲ್ಲರಿಗೂ ಇಷ್ಟೊಂದು ವ್ಯತ್ಯಾಸ ಆಗಲ್ಲ, ನಿಮ್ಮಜ್ಜಿಗೆ ಆಗಿದೆ ಅಂದರು. ಕಾಫಿಯ ಪಾಲು ಇದರಲ್ಲಿ ಎಷ್ಟು ಅಂತ ಹೇಳೋಕಾಗಲ್ಲ, ಎರಡೂ ಒಟ್ಟಿಗೇ ಬದಲಾಗಿವೆ ಅಂತಲೂ ಅಂದರು. ನಾನು ಆ ಪಾಲನ್ನೇ ಗಟ್ಟಿಯಾಗಿ ಹಿಡಿದುಕೊಂಡು ಹೊರಗೆ ಬಂದೆ.

ಈಗ ಸಿಟ್ಟು ಬರುವ ಜಾಗ.

ಮಾತ್ರೆ ಉಷ್ಣ, ಹಾಲಿನಲ್ಲೇ ನುಂಗಮ್ಮ, ನೀರಲ್ಲಿ ನುಂಗಿದರೆ ಹೊಟ್ಟೆ ಸುಡುತ್ತೆ ಅಂತ ಅಜ್ಜಿಗೆ ಹೇಳಿದ್ದು ನೀವು. ಶಕ್ತಿ ಬರಲಿ ಅಂತ ತಿಂಗಳು ತಿಂಗಳು ತರೀಕೆರೆಯಿಂದ ಪ್ರೋಟೀನ್ ಪುಡಿಯ ಡಬ್ಬಿ ಕಳಿಸುತ್ತಿದ್ದುದೂ ನೀವು. ಅಜ್ಜಿ ನಿಮ್ಮ ಮಾತನ್ನು ಎಷ್ಟು ಪಾಲಿಸುತ್ತಾಳೆ ಅಂದರೆ, ಮಿಣುಕಿ ಹಾಲು ಕಡಿಮೆ ಕೊಟ್ಟ ದಿನ ನಮಗೆಲ್ಲ ನೀರು ಮಜ್ಜಿಗೆ, ಮಾತ್ರೆಯ ಲೋಟ ಮಾತ್ರ ತುಂಬಿರಬೇಕು. ಹಾಲು ಹೀಗೆ ಮಾಡುತ್ತೆ ಅಂತ ಯಾರಿಗೆ ಗೊತ್ತು? ಔಷಧಿ ಓದುವ ನಾನೇ ಹಾಸ್ಟೆಲಿನಲ್ಲಿ ವಿಟಮಿನ್ ಮಾತ್ರೆಯನ್ನು ಹಾಲಿನಲ್ಲಿ ನುಂಗುತ್ತೇನೆ, ನೀವು ಹೇಳಿದ್ದೀರಿ ಅಂತ.

ಡಾಕ್ಟರಮ್ಮ ಕೇಳಿದರು, ಹಾಲಿನಲ್ಲಿ ನುಂಗಿ ಅಂತ ಯಾರು ಹೇಳಿದ್ದು ಅಂತ. ಅಜ್ಜಿ ಕಣ್ಣು ಮಿಟುಕಿಸದೆ, ಯಾರೂ ಇಲ್ಲ ಕಣವ್ವ, ನನ್ನ ಬುದ್ಧಿನೇ ಅಂದಳು. ಅಪ್ಪ ನೆಲ ನೋಡಿದರು.

ವಾಪಸ್ ಬರುವಾಗ ರೈಲಿನಲ್ಲಿ ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಮಾಯಮ್ಮನಿಗೆ ಹಾಲಿನ ವಿಷಯ ಎತ್ತಬೇಡ ಕೂಸೇ ಅಂದಳು. ನಮ್ಮಮ್ಮನ ಕೈಕಾಲು ಕಟ್ಟಿಹಾಕಿದ್ದು ನಾನೇ ಅಂತ ಕೂತು ಕೊರಗ್ತಾಳೆ, ಅವಳು ಮೊದಲೇ ಹಂಗೆ, ಊಟ ಬಿಡ್ತಾಳೆ. ಕಾಫಿಯಿಂದಲೇ ಆಯ್ತು ಅಂತ ಇರ್ಲಿ ಅಂದಳು. ಕಾಫಿ ಅಂದರೆ ಅತ್ತೆ ನಂಬಲ್ಲ ಅಜ್ಜಿ, ನಂಬದಿದ್ದರೆ ಕಾಂತರಾಜ್ ಬಂದೇ ಬರ್ತಾನೆ ಅಂದೆ. ಬರ್ಲಿ, ಎಮ್ಮೆ ಇನ್ನೊಂದು ಸಿಗ್ತದೆ ಅಂದಳು. ಅಷ್ಟರಲ್ಲಿ ತರೀಕೆರೆ ಬಂತು. ನೀವು ಇರುವ ಊರು, ರೈಲು ನಿಂತಿದೆ, ಅಪ್ಪ ಇಳಿಯೋಣವಾ ಅಂತ ಕೇಳಿದರು. ಅಜ್ಜಿ ಕಿಟಕಿಗೆ ಬೆನ್ನು ಹಾಕಿ, ಮಿಣುಕಿ ಕರೆಯೋ ಹೊತ್ತಾಯ್ತು ನಡೀರಿ ಅಂದಳು. ನಾವು ಇಳಿಯಲಿಲ್ಲ. ಅದಕ್ಕೂ ಸಾರಿ. ಮನೆಗೆ ಬಂದು ನೇರ ಕೊಟ್ಟಿಗೆಗೆ ಹೋದಳು, ನನ್ನನ್ನೂ ಕರೆದಳು, ಎಮ್ಮೆಯ ಮೇಲೆ ಕೈ ಇಡಿಸಿದ್ದು ಆವಾಗಲೇ.

ನಿನ್ನೆಯಿಡೀ ಯೋಚಿಸಿದೆ. ಮಗಳ ಮನಸ್ಸು ನೋಯಬಾರದು ಅಂತ ಅಜ್ಜಿ ಮಿಣುಕಿಯನ್ನು ಕೊಡಲು ತಯಾರಾಗಿದ್ದಾಳೆ. ಅಮ್ಮ ಬೀಳಬಾರದು ಅಂತ ನೀವು ಮಿಣುಕಿಯನ್ನು ಮಾರಲು ಹೊರಟಿದ್ದೀರಿ. ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದು ಮಾಡುತ್ತಾ ಮಾಡುತ್ತಾ ಆ ಎಮ್ಮೆಯನ್ನು ಕಾಂತರಾಜನ ಟೆಂಪೊ ಹತ್ತಿಸಿಬಿಡುತ್ತೀರಿ. ನೀವು ಸುಮ್ಮನೆ ನಂಬುವವರಲ್ಲ, ಕಾರಣ ಬೇಕು ನಿಮಗೆ. ಕಾರಣ ಇದು. ಸುಳ್ಳು ಕಾರಣ ಕೊಟ್ಟರೆ ನೀವೇ ಕಲಿಸಿದ್ದಕ್ಕೆ ಮೋಸ.

ಎಲ್ಲ ವಾಸಿಯಾಗಿಬಿಟ್ಟಿದೆ ಅಂತಲೂ ಹೇಳಲ್ಲ. ಎಡಗೈ ಸುಮ್ಮನೆ ಕೂತಾಗ ಈಗಲೂ ನಡುಗುತ್ತೆ. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತೆ. ಡಾಕ್ಟರು ಹೇಳಿದ ಹಾಗೆ ಅಮ್ಮ ಹೊಸ್ತಿಲ ಮುಂದೆ ರಂಗೋಲಿ ಪುಡಿಯಲ್ಲಿ ಅಡ್ಡಗೆರೆ ಎಳೆಯುತ್ತಾಳೆ, ಅದನ್ನು ದಾಟುವ ನೆಪದಲ್ಲಿ ಕಾಲು ಮೇಲೇಳುತ್ತೆ. ಕಾಯಿಲೆ ಮುಂದೆ ಹೋಗುತ್ತೆ, ಗೊತ್ತು. ಆದರೆ ಮಾತ್ರೆಗೆ ಬಸ್ಸಿನಲ್ಲಿ ಸೀಟು ಸಿಕ್ಕಿದೆ ಅತ್ತೆ, ಇಷ್ಟು ದಿನ ಸಿಕ್ಕಿರಲಿಲ್ಲ. ಅಪ್ಪ ಕೊಟ್ಟಿಗೆಯಲ್ಲಿ ಅಜ್ಜಿ ಹಿಡಿದುಕೊಳ್ಳಲು ಪೈಪ್ ಕೂರಿಸುತ್ತಿದ್ದಾರೆ. ಕರೆಯುವಾಗ ಯಾರಾದರೊಬ್ಬರು ಹತ್ತಿರವೇ ಇರುತ್ತೇವೆ. ರಜೆ ಮುಗಿಯುವುದರೊಳಗೆ ನಾನೂ ಕರೆಯುವುದು ಕಲಿಯುತ್ತೇನೆ. ನಿನ್ನೆ ಒಂದು ಸಲ ಕೂತೆ, ಒದೆಯಲಿಲ್ಲ, ಬಾಲದಲ್ಲಿ ಮುಖಕ್ಕೆ ಹೊಡೆದಳು ಅಷ್ಟೇ.

ನಾನು ಕೇಳುವುದು ಇಷ್ಟು. ಕಾಂತರಾಜನಿಗೆ ಬೇಡ ಅಂತ ಹೇಳಿ, ನೀವು ಹೇಳಿದರೆ ಮಾತ್ರ ನಡೆಯುತ್ತೆ. ಅಜ್ಜಿಗೆ ಒಂದು ಫೋನ್ ಮಾಡಿ, ಮಾತ್ರೆ ನೀರಲ್ಲಿ ನುಂಗಮ್ಮ, ಹಾಲು ಆಮೇಲೆ ಕುಡಿ ಅಂತ ನಿಮ್ಮ ಬಾಯಲ್ಲೇ ಹೇಳಿ. ನಗುತ್ತಾ ಹೇಳಿ. ನೀವು ಕೊರಗಿಲ್ಲ ಅಂತ ಅವಳಿಗೆ ಗೊತ್ತಾಗಬೇಕು. ಕೊರಗಲೇಬೇಕಿದ್ದರೆ ನನ್ನ ಹತ್ತಿರ ಕೊರಗಿ, ನನಗೆ ಟೆನ್ಶನ್ ಅಭ್ಯಾಸ ಇದೆ.

ನಿಮ್ಮ ಕೆಂಪು ಪೆನ್ನಿಗೆ ಈಗಲೂ ಹೆದರುವ,
ಪ್ರಜ್ಞಾ

ಮರೆತದ್ದಲ್ಲ, ಈಗ ಆದದ್ದು: ಕವರ್ ಅಂಟಿಸಲು ಅನ್ನದ ಅಗುಳು ಬೇಕಿತ್ತು, ಅಡುಗೆಮನೆಗೆ ಹೋದೆ. ಮೇಲಿನ ಗೂಡಿನಲ್ಲಿ, ರಾಗಿಹಿಟ್ಟಿನ ಡಬ್ಬಿಯ ಹಿಂದೆ ನಾನು ತಂದ ಕಾಫಿ ಪ್ಯಾಕೆಟ್ ಕಂಡಿತು. ಒಡೆದೇ ಇಲ್ಲ. ಅಂಗಡಿಯವನು ಕಟ್ಟಿದ ದಾರ ಹಾಗೇ ಇದೆ. ಅದನ್ನು ಹಿಡಿದುಕೊಂಡು ಜಗಲಿಗೆ ಹೋದೆ. ಅಜ್ಜಿ ಹುಣಸೆಬೀಜ ಎಣ್ಣೆಡಬ್ಬಕ್ಕೆ ಹಾಕುತ್ತಾ, ಇಟ್ಟುಬಿಡೇ ಅದನ್ನ, ಮಾಯಮ್ಮ ಬಂದಾಗ ಕಾಯಿಸಿಕೊಡೋಕೆ ಅಂದಳು. ಮತ್ತೆ ನೀನು ಕುಡಿದದ್ದೇನು ಅಂದೆ. ಕೊತ್ತಂಬರಿ ಬೀಜ ಹುರಿದು ಕುಟ್ಟಿ ಬೆಲ್ಲ ಹಾಕಿ ಕುದಿಸ್ತಿದ್ದೆ, ನೀನು ಅಷ್ಟು ಆಸೆಯಿಂದ ಬಂದೆ, ಬೇಡ ಅಂತ ಹೆಂಗ್ ಹೇಳ್ಲಿ ಅಂದಳು. ನನ್ನ ಪ್ರಯೋಗದಲ್ಲಿ ಕೆಫೀನ್ ಒಂದು ತೊಟ್ಟೂ ಇರಲಿಲ್ಲ ಅತ್ತೆ. ಎರಡಲ್ಲ, ಬದಲಾಗಿದ್ದು ಹಾಲೊಂದೇ, ನಿಮ್ಮ ರೂಲ್ ಪ್ರಕಾರವೇ. ನಾನು ನಿಂತಲ್ಲೇ ನಕ್ಕೆ. ಅಷ್ಟರಲ್ಲಿ ಅಜ್ಜಿ ನನ್ನ ಕೈಯಲ್ಲಿದ್ದ ಕವರಿನ ಮೇಲೆ ನಿಮ್ಮ ಹೆಸರು ನೋಡಿದಳು. ಬೈಯಲಿಲ್ಲ. ಬೀಜ ಬಿಡಿಸುತ್ತಲೇ, ಬರೆದದ್ದು ಬರೆದಾಯ್ತು, ಕಾಫಿಗೆ ಬಾ ಅಂತಾನೂ ಒಂದು ಸಾಲು ಸೇರಿಸು ಅಂದಳು. ಸೇರಿಸಿದ್ದೇನೆ. ಬೇಗ ಉತ್ತರ ಬರೆಯಿರಿ.